ವಿದ್ಯುತ್ ಗಾಡಿಯ ಮೇವು

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನ್ನು ಕಂಡುಹಿಡಿದವರ ಹೆಸರಿನಿಂದ ಆರಂಭಿಸುತ್ತಾರೆ. ಆ ಯಂತ್ರಕ್ಕೆ ದಿನವೂ ಮೇವು ಒದಗಿಸಿದವರು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಬೆಲೆಗೆ ಒದಗಿಸಿದರು ಎಂಬ ವಿಚಾರ ಅಡಿಟಿಪ್ಪಣಿಗೆ ಇಳಿಯುತ್ತದೆ. ಎತ್ತಿನ ಗಾಡಿಯನ್ನು ಬಲ್ಲ ನಾಡಿನವರಿಗೆ ಈ ಉಪೇಕ್ಷೆ ವಿಚಿತ್ರವಾಗಿ ತೋರಬೇಕು. ದೂರದ ಸಂತೆಗೆ ಗಾಡಿ ಕಟ್ಟುವ ರೈತ ಎತ್ತಿನ ಸುಳಿ, ಹಲ್ಲು, ಗೊರಸುಗಳನ್ನು ಪರೀಕ್ಷಿಸಿಯೇ ಕೊಂಡಿರುತ್ತಿದ್ದ. ಆದರೂ ಹೊರಡುವ ಮುನ್ನ ಒಂದು ಹೊರೆ ಹುಲ್ಲನ್ನು ಗಾಡಿಯಲ್ಲಿ ಹೇರಿಕೊಳ್ಳಲು ಮರೆಯುತ್ತಿರಲಿಲ್ಲ. ನೀರು ನೆರಳು ಇರುವ ಕಡೆ ನೋಡಿ ಗಾಡಿ ಬಿಡುತ್ತಿದ್ದ. ಎತ್ತಿನ ಬಲ ಎಷ್ಟೇ ಇರಲಿ, ಪಯಣದ ದೂರವನ್ನು ನಿಶ್ಚಯಿಸುತ್ತಿದ್ದುದು ಮೇವು ದೊರೆಯುವ ತಾಣ.

ನಮ್ಮ ಬೀದಿಗಳಲ್ಲಿ ಇಂದು ಸದ್ದಿಲ್ಲದೆ ಸುಳಿದಾಡುತ್ತಿರುವ ವಿದ್ಯುತ್ ವಾಹನಗಳನ್ನು ಕುರಿತ ಮಾತುಕತೆಯೂ ಕಡೆಗೆ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇದಕ್ಕೆ ಮೇವು ಎಲ್ಲಿ? ದೂರದ ದೊಡ್ಡ ವಿದ್ಯುದಾಗಾರದಿಂದ ತಂತಿಯ ಮೂಲಕ ಬರಬೇಕೆ, ಅಥವಾ ಮನೆಯ ಮಾಡಿನ ಮೇಲೆ ಬೀಳುವ ಬಿಸಿಲಿನಿಂದ, ಊರಹೊರಗೆ ಬೀಸುವ ಗಾಳಿಯಿಂದ ಅಲ್ಲಲ್ಲೇ ಹುಟ್ಟಬೇಕೆ? ಇವೆಲ್ಲ ಈಚಿನ ಪ್ರಶ್ನೆಗಳೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಇವಕ್ಕೆ ಒಂದು ಶತಮಾನಕ್ಕಿಂತ ಹೆಚ್ಚಿನ ಚರಿತ್ರೆಯಿದೆ. ಇವಕ್ಕೆ ಒಮ್ಮೆ ಉತ್ತರವೂ ದೊರೆತಿತ್ತು. ಆ ಉತ್ತರ ಹೇಗೆ ದೊರೆಯಿತು, ಅದರಿಂದ ಯಾರಿಗೆ ಬೆಳಕಾಯಿತು, ಯಾರು ಕತ್ತಲಲ್ಲಿ ಉಳಿದರು ಎಂಬುದನ್ನು ತಿಳಿದರೆ ಇಂದಿನ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ನೆರವಾದೀತು.

ಕತೆಯ ಮೊದಲು ಇರುವುದು ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಎರಡು ಹಾಳೆಗಳನ್ನು ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಹೊರಗಿನಿಂದ ಕೊಟ್ಟ ವಿದ್ಯುತ್ತನ್ನು ಅದು ರಾಸಾಯನಿಕ ರೂಪದಲ್ಲಿ ಹಿಡಿದಿಟ್ಟುಕೊಂಡು ಬೇಕೆಂದಾಗ ಹಿಂದಿರುಗಿಸುತ್ತಿತ್ತು. ಬರಿದಾದರೆ ಮತ್ತೆ ತುಂಬಬಹುದಾಗಿತ್ತು. 1881ರಲ್ಲಿ ಅದೇ ದೇಶದ ಕಾಮಿಲ್ ಫೋರ್, ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತಿ ಅದರ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದ. ಆ ವರ್ಷವೇ ಪ್ಯಾರಿಸಿನಲ್ಲಿ ಗುಸ್ತಾವ್ ತ್ರೂವೆ ಎಂಬಾತ ಇಂಗ್ಲೆಂಡಿನ ಮೂರು ಗಾಲಿಯ ತುಳಿಗಾಡಿಯೊಂದಕ್ಕೆ ಪುಟ್ಟ ಮೋಟಾರನ್ನೂ ಬ್ಯಾಟರಿಯನ್ನೂ ಜೋಡಿಸಿ ಬೀದಿಯಲ್ಲಿ ಓಡಿಸಿದ. ಪೆಟ್ರೋಲ್ ಕಾರಿನ ಜನಕನೆಂದು ಹೆಸರಾದ ಜರ್ಮನಿಯ ಕಾರ್ಲ್ ಬೆಂಟ್ಸ್ ತನ್ನ ಗಾಡಿಗೆ ಪೇಟೆಂಟು ಪಡೆದದ್ದು 1886ರಲ್ಲಿ. ವಿದ್ಯುತ್ ಗಾಡಿ ವಯಸ್ಸಿನಲ್ಲಿ ಹಿರಿಯದು.

ಫೋರ್‌ನ ಬ್ಯಾಟರಿ ಗಾಡಿಯನ್ನು ಮಾತ್ರ ಹತ್ತಲಿಲ್ಲ. ಗಾಳಿಯಂತ್ರದ ಬುಡಕ್ಕೂ ಹೋಯಿತು. ಗಾಳಿ ತನ್ನ ಇಷ್ಟದ ಹೊತ್ತಿಗೆ ಬೀಸುತ್ತದೆ, ಮನುಷ್ಯನಿಗೆ ದೀಪ ಬೇಕಾಗುವುದು ಇರುಳಿನಲ್ಲಿ. ಈ ಎರಡು ಹೊತ್ತುಗಳನ್ನು ಜೋಡಿಸುವ ಸೇತುವೆಯಾಗಿ ಬ್ಯಾಟರಿ ಒದಗಿತು. 1887ರ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್, ಮೇರಿಕರ್ಕ್ ಎಂಬ ಹಳ್ಳಿಯಲ್ಲಿದ್ದ ತನ್ನ ರಜೆಯ ಮನೆಯ ತೋಟದಲ್ಲಿ ಬಟ್ಟೆಯ ಹಾಯಿಗಳುಳ್ಳ ಗಾಳಿಯಂತ್ರವೊಂದನ್ನು ನಿಲ್ಲಿಸಿ, ಅದರಿಂದ ಫೋರ್‌ನ ಬ್ಯಾಟರಿಗಳನ್ನು ತುಂಬಿ, ಮನೆಗೆ ದೀಪ ಹಚ್ಚಿದ. ಗಾಳಿಯಿಂದ ವಿದ್ಯುತ್ ಪಡೆದು ಬೆಳಗಿದ ಮೊದಲ ಮನೆ ಅದೆನ್ನಬಹುದು. ಮಿಕ್ಕ ವಿದ್ಯುತ್ತಿನಿಂದ ಊರಿನ ಮುಖ್ಯ ಬೀದಿಗೆ ಬೆಳಕು ಕೊಡುತ್ತೇನೆಂದು ಆತ ಮುಂದೆ ಬಂದಾಗ, ಇದು ಸೈತಾನನ ಕೆಲಸವೆಂದು ಊರವರು ಒಲ್ಲೆನೆಂದರಂತೆ.

ಅದೇ ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಚಾರ್ಲ್ಸ್ ಬ್ರಷ್ ತನ್ನ ಭವನದ ಹಿತ್ತಲಲ್ಲಿ ಭಾರಿ ಗಾಳಿಯಂತ್ರವೊಂದನ್ನು ಕಟ್ಟಿಸಿದ. ಅದರ ಚಕ್ರದ ಅಡ್ಡಳತೆ 17 ಮೀಟರ್; ಅದಕ್ಕೆ ದೇವದಾರು ಜಾತಿಯ ಮರದ 144 ಅಲಗುಗಳು; ಅದು ಹುಟ್ಟಿಸುತ್ತಿದ್ದ ವಿದ್ಯುತ್ತು 12 ಕಿಲೋವ್ಯಾಟ್. ನೆಲಮಾಳಿಗೆಯಲ್ಲಿದ್ದ ಬ್ಯಾಟರಿಗಳು ಅದನ್ನು ಕೂಡಿಟ್ಟುಕೊಂಡು ದೀಪಗಳಿಗೂ ಪ್ರಯೋಗಶಾಲೆಯ ಮೋಟಾರುಗಳಿಗೂ ಒದಗಿಸುತ್ತಿದ್ದವು. ಬ್ರಷ್‌ನ ಸಂಪತ್ತು ಬಂದದ್ದು ನಗರಗಳ ಬೀದಿಗೆ ಚಾಪದೀಪಗಳನ್ನು ಹಾಕಿಸುವ ವ್ಯಾಪಾರದಿಂದ. ಊರಿಗೆಲ್ಲ ಕೇಂದ್ರದ ವಿದ್ಯುತ್ತನ್ನು ಮಾರಿದ ಉದ್ಯಮಿ ತನ್ನ ಮನೆಗೆ ಮಾತ್ರ ಗಾಳಿಯ ವಿದ್ಯುತ್ತನ್ನು ಇಟ್ಟುಕೊಂಡ ಎಂಬುದು ಚರಿತ್ರೆಯ ಒಂದು ವಿನೋದ. ಆ ಯಂತ್ರ ಸುಮಾರು ಇಪ್ಪತ್ತು ವರ್ಷ ತಿರುಗಿತು. ನಗರದ ವಿದ್ಯುದಾಗಾರದ ತಂತಿ ಬಳಕೆಗೆ ಬಂದ ಮೇಲೆ ಅದನ್ನು ಕೈಬಿಡಲಾಯಿತು.

ಬ್ಲೈತ್ ಮತ್ತು ಬ್ರಷ್‌ರದು ಒಂದೊಂದು ಮನೆಯ ಸಾಹಸ. ಅದನ್ನು ಊರಿನ ಕೆಲಸವಾಗಿ ಮಾಡಿದವನು ಡೆನ್ಮಾರ್ಕಿನ ಪೌಲ್ ಲ ಕೂರ್. ಆತ ಆಸ್ಕೋವ್ ಎಂಬ ಹಳ್ಳಿಯ ಜನತಾ ಪ್ರೌಢಶಾಲೆಯಲ್ಲಿ ಉಪಾಧ್ಯಾಯ. 1891ರಲ್ಲಿ ಸರ್ಕಾರದ ಧನಸಹಾಯದಿಂದ ಅಲ್ಲಿ ಪ್ರಾಯೋಗಿಕ ಗಾಳಿಯಂತ್ರವೊಂದನ್ನು ನಿಲ್ಲಿಸಿದ. ಗಾಳಿ ಏರಿಳಿದರೂ ಯಂತ್ರದ ವೇಗ ಸಮನಾಗಿರುವಂತೆ ಮಾಡುವ ಉಪಕರಣವನ್ನು ರಚಿಸಿದ. ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ತೊಟ್ಟಿಯಲ್ಲಿ ಕೂಡಿಟ್ಟು, 1895ರಿಂದ ಏಳು ವರ್ಷ ಶಾಲೆಯ ದೀಪಗಳನ್ನು ಆ ಅನಿಲದಿಂದಲೇ ಉರಿಸಿದ. ಇವೆಲ್ಲಕ್ಕಿಂತ ದೊಡ್ಡ ಕೆಲಸವನ್ನು ಆತ 1904ರಲ್ಲಿ ಆರಂಭಿಸಿದ. ಹಳ್ಳಿಗಳ ತರುಣರಿಗೆ ಗಾಳಿಯಂತ್ರವನ್ನು ಕಟ್ಟುವ, ತಂತಿ ಎಳೆಯುವ, ಬ್ಯಾಟರಿಯನ್ನು ಜೋಪಾನ ಮಾಡುವ, ಕೆಟ್ಟರೆ ಸರಿಪಡಿಸುವ ವಿದ್ಯೆಯನ್ನು ಕಲಿಸತೊಡಗಿದ. ನಗರಗಳು ಬೆಳಗಿ ಹಳ್ಳಿಗಳು ಕತ್ತಲಲ್ಲಿ ಉಳಿದರೆ ದೇಶವೇ ಎರಡಾಗುತ್ತದೆಂಬ ಅರಿವು ಆ ಕೆಲಸದ ಹಿಂದಿತ್ತು. ಹಾಗೆ ಕಲಿತವರಲ್ಲಿ ಒಬ್ಬನಾದ ಯೊಹಾನಸ್ ಯೂಲ್, ಗುರು ತೀರಿಕೊಂಡು ಅರ್ಧ ಶತಮಾನವಾಗುತ್ತಿದ್ದ 1957ರಲ್ಲಿ, ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಗಾಳಿಯಂತ್ರವನ್ನು ನಿಲ್ಲಿಸಿದ. ಇಂದಿನ ಗಾಳಿಯಂತ್ರಗಳಿಗೆ ಅದು ಮೇಲ್ಪಂಕ್ತಿಯಾಯಿತು. ಈಗ ಡೆನ್ಮಾರ್ಕ್ ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದಲೇ ಪಡೆಯುತ್ತಿದೆ. ಒಬ್ಬ ಹಳ್ಳಿಯ ಮೇಷ್ಟರ ತರಗತಿಗೆ ಇಷ್ಟು ದೂರದ ಫಲ.

ಈಗ ಗಾಡಿಯ ಕತೆಗೆ ಮರಳೋಣ. 1897ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ಎರಡೂ ನಗರಗಳಲ್ಲಿ ವಿದ್ಯುತ್ತಿನ ಬಾಡಿಗೆ ಗಾಡಿಗಳು ಬೀದಿಗಿಳಿದವು. ಲಂಡನ್ನಿನ ಗಾಡಿಗಳನ್ನು ರೂಪಿಸಿದವನು ವಾಲ್ಟರ್ ಬರ್ಸಿ ಎಂಬ ತರುಣ. ಅವುಗಳ ಗುಂಜಾರವವನ್ನು ಕೇಳಿ ಜನ ಅವಕ್ಕೆ ಝೇಂಕಾರದ ಹಕ್ಕಿಯ ಹೆಸರಿಟ್ಟರು. ಒಮ್ಮೆ ಬ್ಯಾಟರಿ ತುಂಬಿದರೆ ಸುಮಾರು 30 ಮೈಲಿ ಓಟ. ಆ ಬಳಿಕ ಗಾಡಿ ನಿಲ್ದಾಣಕ್ಕೆ ಮರಳಬೇಕು. ಅಲ್ಲಿ ಬರಿದಾದ ಬ್ಯಾಟರಿಯನ್ನು ಯಂತ್ರದಿಂದ ಕೆಳಗಿಳಿಸಿ, ತುಂಬಿದ ಬ್ಯಾಟರಿಯನ್ನು ಏರಿಸುತ್ತಿದ್ದರು. ದಣಿದ ಕುದುರೆಯನ್ನು ಬಿಚ್ಚಿ ದಣಿವಾರಿದ ಕುದುರೆಯನ್ನು ಕಟ್ಟುವ ಅಂಚೆಗಾಡಿಯ ಪದ್ಧತಿಯೇ ಇದು. ನ್ಯೂಯಾರ್ಕಿನಲ್ಲಿಯೂ ಇದೇ ಏರ್ಪಾಡು. ಬದಲಾವಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಆದರೆ ಬ್ಯಾಟರಿಯ ಭಾರಕ್ಕೆ ಟೈರುಗಳು ಸವೆದವು. ಬೀದಿಯ ಕುಲುಕಾಟಕ್ಕೆ ಸೀಸದ ಫಲಕಗಳು ಕಳಚಿದವು. ಲಂಡನ್ನಿನ ಗಾಡಿಗಳು 1899ರ ಹೊತ್ತಿಗೆ ಮರೆಯಾದವು. ನ್ಯೂಯಾರ್ಕಿನ ಉದ್ಯಮವನ್ನು ದೊಡ್ಡ ಬಂಡವಾಳಗಾರರು ಕೊಂಡು ಹಲವು ನಗರಗಳಿಗೆ ಹಬ್ಬಿಸಹೋಗಿ 1907ರಲ್ಲಿ ದಿವಾಳಿಗೆ ತಂದರು.

ಹಾಗೆಂದು ವಿದ್ಯುತ್ ಗಾಡಿಗಳು ಆಗಲೇ ಸೋತವೆಂದು ತಿಳಿಯಬಾರದು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ಗಾಡಿಗಳು ಸುಮಾರು 4,200. ಅವುಗಳಲ್ಲಿ 1,681 ಉಗಿಯವು, 1,575 ವಿದ್ಯುತ್ತಿನವು, 936 ಮಾತ್ರ ಪೆಟ್ರೋಲಿನವು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಗಾಡಿಯೂ ವಿದ್ಯುತ್ತಿನದೇ. 1899ರಲ್ಲಿ ಬೆಲ್ಜಿಯಮ್ಮಿನ ಕಾಮಿಲ್ ಜೆನಾತ್ಸಿ ಅದನ್ನು ಓಡಿಸಿದ. ಪೆಟ್ರೋಲ್ ಕಾರಿನಿಂದ ಜಗತ್ತನ್ನು ತುಂಬಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ತನ್ನ ಓಡಾಟಕ್ಕೆ ಇಟ್ಟುಕೊಂಡಿದ್ದುದು 1914ರ ಒಂದು ವಿದ್ಯುತ್ ಕಾರನ್ನು.

ಈ ಗಾಡಿಗಳ ಮೇಲೆ ಬಹಳ ಆಸೆಯಿಟ್ಟವರು ವಿದ್ಯುದಾಗಾರಗಳ ಒಡೆಯರು. ಅದಕ್ಕೆ ಕಾರಣವಿದೆ. ಸಂಜೆ ಊರೆಲ್ಲ ಒಟ್ಟಿಗೆ ದೀಪ ಹಚ್ಚುವ ಹೊತ್ತಿಗೆ ಸಾಕಾಗುವಷ್ಟು ದೊಡ್ಡ ಡೈನಮೊಗಳನ್ನು ಅವರು ಹೂಡಬೇಕಾಗಿತ್ತು. ನಡುರಾತ್ರಿ ದೀಪಗಳು ಆರಿದ ಮೇಲೆ ಆ ಯಂತ್ರಗಳಿಗೆ ಕೆಲಸವಿಲ್ಲ. ಹೂಡಿದ ಹಣಕ್ಕೆ ಮಾತ್ರ ಬಡ್ಡಿ ಬೆಳೆಯುತ್ತಿರುತ್ತದೆ. ಇರುಳೆಲ್ಲ ನಿಂತಿರುವ ಗಾಡಿಗಳು ಆ ಹೊತ್ತಿನಲ್ಲಿ ವಿದ್ಯುತ್ ಕುಡಿದರೆ ಲಾಭವೇ ಲಾಭ. 1902ರಲ್ಲಿ ಪೀಟರ್ ಕೂಪರ್ ಹ್ಯೂಯಿಟ್ ಪಾದರಸದ ಆವಿಯ ಉಪಕರಣವೊಂದನ್ನು ರಚಿಸಿದ ಮೇಲೆ, ಮನೆಗೆ ಬರುವ ಪರ್ಯಾಯ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಸುಲಭವಾಯಿತು. ಅನುಕೂಲಸ್ಥರು ಗಾಡಿಕೊಟ್ಟಿಗೆಯಲ್ಲೇ ಇರುಳಿನಲ್ಲಿ ಚಾರ್ಜ್ ಮಾಡಿಕೊಂಡರು.

ಕೊಟ್ಟಿಗೆ ಇಲ್ಲದವರಿಗೆ ಏನು ಗತಿ? ಅದಕ್ಕೂ ಒಂದು ಊರು ಉತ್ತರ ಕಂಡಿತ್ತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ 1910ರ ದಶಕದಲ್ಲಿ ಸರಕು ಗಾಡಿಗಳಿಗಾಗಿ ಹೊಸ ಕ್ರಮವೊಂದನ್ನು ತಂದಿತು. ಕೊಳ್ಳುವವನು ಬ್ಯಾಟರಿಯಿಲ್ಲದ ಗಾಡಿಯನ್ನು ಮಾತ್ರ ಕೊಳ್ಳಬೇಕು. ಬ್ಯಾಟರಿ ಕಂಪನಿಯದು, ಅದನ್ನು ತುಂಬುವ, ಬದಲಿಸುವ, ಕೆಟ್ಟರೆ ದುರಸ್ತಿ ಮಾಡುವ ಹೊಣೆಯೂ ಕಂಪನಿಯದು. ಗಾಡಿಯವನು ತಿಂಗಳಿಗಿಷ್ಟು, ಓಡಿದ ಮೈಲಿಗಿಷ್ಟು ಎಂದು ಹಣ ಕೊಟ್ಟರೆ ಸಾಕು. ಗಾಡಿಯಲ್ಲಿ ಹೆಚ್ಚು ಬೆಲೆಯ ಮತ್ತು ಬೇಗ ಕೆಡುವ ಅಂಗದ ಭಯ ಅವನ ತಲೆಯಿಂದ ಇಳಿಯಿತು. ಈ ಏರ್ಪಾಡು 1924ರವರೆಗೆ ನಡೆಯಿತು. ಅದರಡಿ ಗಾಡಿಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು ಓಡಿದವು.

ಹಾಗಿದ್ದರೆ ಸೋಲು ಬಂದದ್ದು ಎಲ್ಲಿಂದ? ಪೆಟ್ರೋಲ್ ಗಾಡಿಯ ಎಂಜಿನ್ನನ್ನು ಕೈಹಿಡಿಯಿಂದ ತಿರುವುವ ಕಷ್ಟವನ್ನು ಚಾರ್ಲ್ಸ್ ಕೆಟರಿಂಗ್ ರಚಿಸಿದ ವಿದ್ಯುತ್ ಚಾಲಕ 1912ರಲ್ಲಿ ತಪ್ಪಿಸಿತು, ಫೋರ್ಡ್ ಕಾರು ಅಗ್ಗವಾಯಿತು ಎಂದು ಪುಸ್ತಕಗಳು ಹೇಳುತ್ತವೆ. ಇವು ನಿಜವಾದ ಕಾರಣಗಳೇ. ಇವುಗಳ ಜತೆಗೆ ಮೇವಿನ ಕಾರಣವೂ ಇದೆ. 1888ರಲ್ಲಿ ಬರ್ತಾ ಬೆಂಟ್ಸ್ ಎಂಬ ಧೀರೆ, ಗಂಡನಿಗೆ ತಿಳಿಸದೆ, ಇಬ್ಬರು ಮಕ್ಕಳೊಡನೆ ಅವನ ಗಾಡಿಯಲ್ಲಿ ತವರಿನ ಕಡೆಗೆ ಹೊರಟಾಗ, ದಾರಿಯಲ್ಲಿ ಇಂಧನ ಮುಗಿಯುತ್ತ ಬಂತು. ಆಕೆ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಅದನ್ನು ಕೊಂಡಳು. ಎಣ್ಣೆಯ ಸ್ವಭಾವವೇ ಅದು. ಡಬ್ಬದಲ್ಲಿ ತುಂಬಿ ಯಾವ ಊರಿನ ಯಾವ ಅಂಗಡಿಯಲ್ಲಾದರೂ ಇಡಬಹುದು. ವಿದ್ಯುತ್ತಾದರೋ ತಂತಿಯಿದ್ದಲ್ಲಿ ಮಾತ್ರ. ತಂತಿ ನಗರವನ್ನು ಬಿಟ್ಟು ಹೊರಗೆ ಕಾಲಿಡಲಿಲ್ಲ. 1930ರ ದಶಕದ ಆದಿಯಲ್ಲಿ ಕೂಡ ಅಮೆರಿಕದಂಥ ದೇಶದಲ್ಲಿ ಹತ್ತು ರೈತಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹೊಲಮನೆಗಳು ದೂರದೂರವಿದ್ದವು; ಅಲ್ಲಿಗೆ ತಂತಿ ಎಳೆದರೆ ಲಾಭವಿಲ್ಲವೆಂದು ಕಂಪನಿಗಳು ಲೆಕ್ಕ ಹಾಕಿದವು. ನಗರದ ಎಲ್ಲೆಯ ಆಚೆ ಮೇವಿಲ್ಲದ ಗಾಡಿಯನ್ನು ಯಾರು ಕೊಂಡಾರು?

ಕಂಪನಿಗಳು ಬಿಟ್ಟುಬಿಟ್ಟ ಆ ರೈತರು ಸುಮ್ಮನೆ ಕೂರಲಿಲ್ಲ. ಕೆಟರಿಂಗ್‌ನೇ 1916ರಲ್ಲಿ ಸೀಮೆಎಣ್ಣೆಯ ಎಂಜಿನ್ನಿನಿಂದ ಬ್ಯಾಟರಿಗಳನ್ನು ತುಂಬಿ ಹೊಲಮನೆಗೆ ದೀಪ ಕೊಡುವ ಸಾಧನವನ್ನು ಮಾರುಕಟ್ಟೆಗೆ ತಂದ. ಜೇಕಬ್ಸ್ ಸೋದರರು ಮೂರು ಅಲಗಿನ ಗಟ್ಟಿಮುಟ್ಟಾದ ಗಾಳಿಯಂತ್ರಗಳನ್ನು ತಯಾರಿಸಿದರು. ಅವರಿಗಿಂತ ಅಗ್ಗದ ಪುಟ್ಟ ಗಾಳಿಯಂತ್ರಗಳೂ ಬಂದವು. ಕೇಳುಗರಿಗೆ ಸ್ವಾರಸ್ಯವೆನಿಸಬಹುದಾದ ಸಂಗತಿ, ಈ ಪುಟ್ಟ ಯಂತ್ರಗಳು ಬಹಳವಾಗಿ ಹಬ್ಬಿದ್ದು ರೇಡಿಯೋದ ದೆಸೆಯಿಂದ. ರೇಡಿಯೋಗೆ ಬ್ಯಾಟರಿ ಬೇಕು. ಬರಿದಾದ ಬ್ಯಾಟರಿಯನ್ನು ಹೊತ್ತು ಮೈಲಿಗಟ್ಟಲೆ ದೂರದ ಪೇಟೆಗೆ ಹೋಗಿ ತುಂಬಿಸಿಕೊಂಡು ಬರಬೇಕು. ಆ ಕಷ್ಟವನ್ನು ಮಾಡಿನ ಮೇಲೆ ತಿರುಗುವ ಗಾಳಿಯಂತ್ರ ತಪ್ಪಿಸಿತು. ಬಯಲುಸೀಮೆಯ ಒಂಟಿ ಮನೆಗಳಿಗೆ ಹಾಡು, ಮಾತು, ಹವಾಮಾನದ ವರದಿ, ಪೇಟೆ ಧಾರಣೆ ತಲುಪಿದ್ದು ಹೀಗೆ. 1935ರಲ್ಲಿ ಸರ್ಕಾರ ಗ್ರಾಮ ವಿದ್ಯುದೀಕರಣಕ್ಕೆಂದು ಪ್ರತ್ಯೇಕ ಆಡಳಿತವನ್ನು ಸ್ಥಾಪಿಸಿತು. ತಂತಿ ಬಂತು, ಅಗ್ಗದ ವಿದ್ಯುತ್ತೂ ಬಂತು. ಗಾಳಿಯಂತ್ರಗಳು ಒಂದೊಂದಾಗಿ ಕೆಳಗಿಳಿದವು. 1950ರ ದಶಕದಲ್ಲಿ ಜೇಕಬ್ಸ್ ಸೋದರರ ಕಾರ್ಖಾನೆಯೂ ಮುಚ್ಚಿತು.

ಕೇಂದ್ರ ವಿದ್ಯುದಾಗಾರದ ಕತೆಯಲ್ಲಿ ನಮ್ಮ ನಾಡಿನ ಹೆಸರು ದೊಡ್ಡದು. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ, ಎಂಜಿನಿಯರ್ ಲಾಟ್‌ಬಿನಿಯರ್ ಅವರ ಸಾಹಸ ಅದರ ಹಿಂದಿದ್ದವು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು. ಈ ಸಾಧನೆಯನ್ನು ನೆನೆದು ನಾವು ಹೆಮ್ಮೆಪಡುವುದು ಯುಕ್ತವೇ. ಅದರ ಜತೆಗೆ ಇನ್ನೊಂದನ್ನೂ ನೆನೆಯಬೇಕು. ಜಲಪಾತಕ್ಕೂ ಗಣಿಗೂ ನಡುವಣ ಆ 92 ಮೈಲಿಯ ಉದ್ದಕ್ಕೂ ಹಳ್ಳಿಗಳಿದ್ದವು. ತಂತಿ ಅವುಗಳ ಹೊಲಗಳ ಮೇಲೆ ಹಾದುಹೋಯಿತು. ಅದರ ಕೆಳಗೆ ಹರಳೆಣ್ಣೆಯ ಹಣತೆಗಳು ಉರಿಯುತ್ತಲೇ ಇದ್ದವು. ನಾಡಿನ ಹಳ್ಳಿಗಳಿಗೆ ವಿದ್ಯುತ್ ತಲುಪಲು ಮುಂದೆ ದಶಕಗಳೇ ಬೇಕಾದವು. ಕೊಳ್ಳುವ ಶಕ್ತಿಯಿರುವವನ ಬಳಿಗೆ ತಂತಿ ಮೊದಲು ಹೋಗುತ್ತದೆ. ಇದು ಯಾರೊಬ್ಬರ ದೋಷವೂ ಅಲ್ಲ. ದೂರದಲ್ಲಿ ಹುಟ್ಟಿ ದೂರಕ್ಕೆ ಹರಿಯುವ ಶಕ್ತಿಯ ಸ್ವಭಾವ.

ಶತಮಾನದ ಉತ್ತರಾರ್ಧದಲ್ಲಿ ಚಕ್ರ ಮತ್ತೆ ತಿರುಗಿತು. 1954ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಧಾತುವಿನಿಂದ ತಯಾರಿಸಿದ ಸೌರಕೋಶವನ್ನು ಪ್ರದರ್ಶಿಸಿದರು. ಬಿಸಿಲಿನ ಶೇಕಡ 6ರಷ್ಟನ್ನು ಅದು ವಿದ್ಯುತ್ತಾಗಿಸುತ್ತಿತ್ತು. ಇಂದು ಮಾರುಕಟ್ಟೆಯಲ್ಲಿರುವ ಫಲಕಗಳು ಶೇಕಡ 20ನ್ನು ದಾಟಿವೆ. 1991ರಲ್ಲಿ ಜಪಾನಿನಿಂದ ಲಿಥಿಯಂ ಬ್ಯಾಟರಿ ಮಾರಾಟಕ್ಕೆ ಬಂದು, ಸೀಸದ ಭಾರ ಗಾಡಿಗಳ ಬೆನ್ನಿನಿಂದ ಇಳಿಯುವ ದಾರಿ ತೆರೆಯಿತು. ಇಷ್ಟು ಹೊತ್ತಿಗೆ ನಮ್ಮಲ್ಲಿಯೂ ಕೆಲಸ ಆರಂಭವಾಗಿತ್ತು. 1995ರಲ್ಲಿ ಹರೀಶ್ ಹಂದೆಯವರು ಜತೆಗಾರರೊಡನೆ ಸ್ಥಾಪಿಸಿದ ಸೆಲ್ಕೊ ಸಂಸ್ಥೆ, ತಂತಿ ತಲುಪದ, ತಲುಪಿದರೂ ದೀಪ ಉರಿಯದ ಮನೆಗಳಿಗೆ ಸೌರ ದೀಪಗಳನ್ನು ಒಯ್ದಿತು. ಬಡವನು ಕಂತಿನಲ್ಲಿ ಕೊಳ್ಳಬಲ್ಲ, ಹತ್ತಿರದಲ್ಲೇ ದುರಸ್ತಿ ಮಾಡುವವನಿದ್ದರೆ ಜತನವಾಗಿ ಬಳಸಬಲ್ಲ ಎಂಬುದನ್ನು ಆ ಸಂಸ್ಥೆ ತೋರಿಸಿಕೊಟ್ಟಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂತು. ಅದರ ಹಿಂದಿದ್ದವರು ಚೇತನ್ ಮೈನಿ. ಸೀಸದ ಬ್ಯಾಟರಿ, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್; ಮನೆಯ ಸಾಮಾನ್ಯ ವಿದ್ಯುತ್ ಸಂಪರ್ಕದಿಂದಲೇ ಇರುಳಿನಲ್ಲಿ ಚಾರ್ಜ್ ಮಾಡಬಹುದಾಗಿತ್ತು. ಬರ್ಸಿಯ ಗಾಡಿಗಳು ಸೋತು ಮರೆಯಾದ ಅದೇ ಲಂಡನ್ನಿನಲ್ಲಿ, ಒಂದು ಶತಮಾನದ ಬಳಿಕ, ಬೆಂಗಳೂರಿನ ಈ ಕಾರು ಬೇರೊಂದು ಹೆಸರಿನಲ್ಲಿ ಓಡಾಡಿತು. ಮೈನಿಯವರೇ 2017ರಲ್ಲಿ ಪಾಲುದಾರರೊಡನೆ ಸನ್ ಮೊಬಿಲಿಟಿ ಎಂಬ ಸಂಸ್ಥೆಯನ್ನು ತೆರೆದರು. ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ನಿಲ್ದಾಣಗಳನ್ನು ಆಟೋಗಳಿಗೂ ಸರಕು ಸಾಗಿಸುವ ಸಣ್ಣ ವಾಹನಗಳಿಗೂ ಏರ್ಪಡಿಸುವುದು ಅದರ ಕೆಲಸ. ಹಾರ್ಟ್‌ಫರ್ಡಿನ ಹಳೆಯ ಉಪಾಯ ನಮ್ಮ ಬೀದಿಯಲ್ಲಿ ಮರುಹುಟ್ಟು ಪಡೆಯಿತೆನ್ನಬೇಕು. ವಿದ್ಯುತ್ ವಾಹನಗಳಿಗೆಂದು ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೇ, ಅದೂ 2017ರಲ್ಲಿ. ಮರುವರ್ಷ ಕೇಂದ್ರ ವಿದ್ಯುತ್ ಸಚಿವಾಲಯವು, ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ. ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಈ ಒಂದು ಮಾತಿನಿಂದ, ಔಷಧದ ಅಂಗಡಿಯವನು ಎಣ್ಣೆ ಮಾರಿದಂತೆ, ಕಿರಾಣಿ ಅಂಗಡಿಯವನೂ ಮೇವಿನ ತಾಣವನ್ನು ತೆರೆಯುವುದು ಕಾನೂನಿನಲ್ಲಿ ಸಾಧ್ಯವಾಯಿತು.

ಇಲ್ಲಿಗೆ ಬಂದಾಗ ಹಳೆಯ ಚರಿತ್ರೆ ಹೊಸದೊಂದು ತಿರುವನ್ನು ಪಡೆಯುತ್ತದೆ. ಅಂದಿನ ವಿದ್ಯುದಾಗಾರಗಳಿಗೆ ಇರುಳು ಬಿಡುವಿನ ಹೊತ್ತು. ಆದ್ದರಿಂದ ಗಾಡಿ ಇರುಳಿನಲ್ಲಿ, ಮನೆಯಲ್ಲಿ, ಮೇಯಬೇಕೆಂಬುದು ನಿಯಮವಾಯಿತು. ಸೂರ್ಯನಿಗೆ ಇರುಳಿನಲ್ಲಿ ಕೆಲಸವಿಲ್ಲ. ಬಿಸಿಲಿನ ವಿದ್ಯುತ್ತು ಹೇರಳವಾಗಿ ಹುಟ್ಟುವುದು ನಡುಹಗಲಿನಲ್ಲಿ. ಹೀಗಾಗಿ ಅಗ್ಗದ ಹೊತ್ತು ಇರುಳಿನಿಂದ ಹಗಲಿಗೆ ಸರಿದಿದೆ. 2023ರಲ್ಲಿ ಕೇಂದ್ರ ಸರ್ಕಾರ ಬಿಸಿಲಿನ ಹೊತ್ತಿಗೆ ಕಡಿಮೆ ದರ, ಬೇಡಿಕೆ ಏರುವ ಹೊತ್ತಿಗೆ ಹೆಚ್ಚಿನ ದರ ಎಂಬ ತತ್ತ್ವವನ್ನು ವಿದ್ಯುತ್ ಗ್ರಾಹಕರ ನಿಯಮಗಳಲ್ಲಿ ಸೇರಿಸಿದ್ದು ಇದರಿಂದಲೇ. ಹೊತ್ತು ಬದಲಾದರೆ ತಾಣವೂ ಬದಲಾಗಬೇಕು. ನಡುಹಗಲಿನಲ್ಲಿ ವಾಹನ ಮನೆಯಲ್ಲಿ ಇರುವುದಿಲ್ಲ. ಅದು ಕಚೇರಿಯ ಅಂಗಳದಲ್ಲಿ, ಶಾಲೆಯ ಬೇಲಿಯ ಪಕ್ಕದಲ್ಲಿ, ಮಾರುಕಟ್ಟೆಯ ಮುಂದೆ, ಬಸ್ ನಿಲ್ದಾಣದಲ್ಲಿ ನಿಂತಿರುತ್ತದೆ. ಮೇವು ಅಲ್ಲಿ ಸಿಗಬೇಕು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಕಿಲೋವ್ಯಾಟಿನ ಸೌರ ಫಲಕಗಳಿಗೆ ಸುಮಾರು ನೂರು ಚದರಡಿ ಮಾಡು ಸಾಕು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ವಿದ್ಯುತ್ ಸ್ಕೂಟರ್ ನೂರು ಕಿಲೋಮೀಟರ್ ಓಡಲು ಸುಮಾರು ಮೂರು ಯೂನಿಟ್ ಬೇಕು. ಪೇಟೆಯ ಸಾಮಾನ್ಯ ಓಡಾಟ ದಿನಕ್ಕೆ ಅದರಲ್ಲಿ ಕಾಲುಪಾಲೂ ಇರದು. ಅಂದರೆ ಒಂದು ಶಾಲೆಯ ಮಾಡು ಅಲ್ಲಿನ ಅಧ್ಯಾಪಕರ ಸ್ಕೂಟರುಗಳನ್ನೆಲ್ಲ ಸಾಕಬಲ್ಲುದು. ಮಲೆನಾಡಿನ ಮಳೆಗಾಲದಲ್ಲಿ ಈ ಲೆಕ್ಕ ತಪ್ಪುತ್ತದೆ; ಭಾರದ ಬಸ್ಸು ಲಾರಿಗಳಿಗೂ ಇದು ಸಾಲದು. ದೊಡ್ಡ ತಂತಿಯ ಆಸರೆ ಬೇಕೇ ಬೇಕು. ಆದರೆ ಆಸರೆಗೂ ಅವಲಂಬನೆಗೂ ಅಂತರವಿದೆ.

ಶಿವನಸಮುದ್ರದ ಪಾಠವನ್ನು ಮತ್ತೆ ನೆನಪಿಸುವ ಒಂದು ದೃಶ್ಯ ತುಮಕೂರು ಜಿಲ್ಲೆಯ ಪಾವಗಡದಲ್ಲಿದೆ. ಬರಗಾಲಕ್ಕೆ ಹೆಸರಾದ ಆ ತಾಲ್ಲೂಕಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಕ್ಷೇತ್ರ 2019ರ ವೇಳೆಗೆ ಸಿದ್ಧವಾಯಿತು. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಒಡೆತನ ಉಳಿಯಿತು, ವರುಷ ವರುಷ ಹಣವೂ ಬರುತ್ತಿದೆ. ಹಿಂದಿನ ಎಷ್ಟೋ ಯೋಜನೆಗಳಿಗಿಂತ ಇದು ನ್ಯಾಯವಾದ ಏರ್ಪಾಡು. ಆದರೂ ನೆಲವಿಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣವಿಲ್ಲ, ದುಡಿಯಲು ಮೊದಲಿನ ಹೊಲವೂ ಇಲ್ಲ. ಅಲ್ಲಿ ಹುಟ್ಟಿದ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ದೂರಕ್ಕೆ ಹೋಗುತ್ತದೆ. ಬಿಸಿಲು ಎಲ್ಲೆಡೆ ಬೀಳುತ್ತದೆಂಬ ಮಾತ್ರಕ್ಕೆ ಅದರ ಫಲವೂ ಎಲ್ಲೆಡೆ ಹಂಚಿಹೋಗುವುದಿಲ್ಲ.

ನಗರದ ಒಳಗೂ ಇದೇ ಮಾತು. ಸ್ವಂತ ಮಾಡು, ಸ್ವಂತ ಅಂಗಳ ಇರುವವನು ಫಲಕ ಹಾಕಿಸಿ ತನ್ನ ವಾಹನವನ್ನು ಸಾಕಿಕೊಳ್ಳುತ್ತಾನೆ. ಅದಕ್ಕೆ ಸರ್ಕಾರದ ಸಹಾಯಧನವೂ ಇದೆ. ಬಾಡಿಗೆ ವಠಾರದಲ್ಲಿರುವ, ವಾಹನವನ್ನು ಬೀದಿಯಲ್ಲೇ ನಿಲ್ಲಿಸುವ ಆಟೋ ಚಾಲಕನಿಗೆ ಮಾಡೂ ಇಲ್ಲ, ಅಂಗಳವೂ ಇಲ್ಲ. ದಿನವೆಲ್ಲ ಓಡುವುದು ಅವನ ಗಾಡಿ; ಮೇವಿನ ಬೆಲೆ ಹೆಚ್ಚು ತಟ್ಟುವುದು ಅವನಿಗೇ. ಅವನು ನಿಲ್ಲುವ ಆಟೋ ನಿಲ್ದಾಣಕ್ಕೆ ನೆರಳಾಗಿ ಒಂದು ಸೌರ ಚಪ್ಪರ, ಅದರ ಕೆಳಗೆ ಬ್ಯಾಟರಿ ತುಂಬುವ ಅಥವಾ ಬದಲಿಸುವ ಏರ್ಪಾಡು ಇವು ನಗರಸಭೆಗಳ ಶಕ್ತಿಗೆ ಮೀರಿದ ಕೆಲಸಗಳಲ್ಲ. ಮಾರುಕಟ್ಟೆಯ ಛಾವಣಿ, ಆಸ್ಪತ್ರೆಯ ಛಾವಣಿ, ಗ್ರಾಮ ಪಂಚಾಯತಿಯ ಛಾವಣಿ ಎಲ್ಲವೂ ಸಾರ್ವಜನಿಕರವು. ಅವುಗಳ ಮೇಲೆ ಬೀಳುವ ಬಿಸಿಲೂ ಸಾರ್ವಜನಿಕರದೇ.

ಹಿಂದೆ ವಿದ್ಯುತ್ ಗಾಡಿ ಸೋತದ್ದು, ನಗರದ ಅನುಕೂಲಸ್ಥರ ಕೊಟ್ಟಿಗೆಯನ್ನು ದಾಟಿ ಮೇವು ಹೊರಗೆ ಬಾರದೆ ಹೋದದ್ದರಿಂದ. ಗಾಳಿಯಂತ್ರಗಳು ಇದ್ದವು, ಬ್ಯಾಟರಿಗಳು ಇದ್ದವು, ಬದಲಿಸುವ ಉಪಾಯವೂ ಇತ್ತು. ಅವುಗಳನ್ನು ಊರೂರಿನಲ್ಲಿ ಕೂಡಿಸಿ ನಡೆಸುವ ಏರ್ಪಾಡು ಮಾತ್ರ ಇರಲಿಲ್ಲ. ಅದನ್ನು ಸರಿಯಾಗಿ ಊಹಿಸಿದವನು ಆಸ್ಕೋವಿನ ಮೇಷ್ಟರು. ಯಂತ್ರವನ್ನು ನಿಲ್ಲಿಸಿ ಆತ ಸುಮ್ಮನಾಗಲಿಲ್ಲ. ಅದನ್ನು ನೋಡಿಕೊಳ್ಳುವ ಕೈಗಳನ್ನು ತಯಾರು ಮಾಡಿದ. ನಮ್ಮ ತಾಲ್ಲೂಕು ತಾಲ್ಲೂಕಿನಲ್ಲಿ ಕೈಗಾರಿಕಾ ತರಬೇತಿ ಕೇಂದ್ರಗಳಿವೆ. ಅಲ್ಲಿ ಕಲಿತು ಹೊರಬರುವ ತರುಣ ತರುಣಿಯರು ತಮ್ಮ ಊರಿನ ಮಾಡಿಗೆ ಫಲಕ ಕೂರಿಸಿ, ಊರಿನ ಬ್ಯಾಟರಿಯನ್ನು ಜೋಪಾನ ಮಾಡಿ, ಊರಿನ ಗಾಡಿಗಳಿಗೆ ಹಗಲು ಹೊತ್ತಿನಲ್ಲಿ ಮೇವು ಒದಗಿಸುವಂತಾದರೆ, 1902ರಲ್ಲಿ ಹಳ್ಳಿಗಳ ತಲೆಯ ಮೇಲೆ ಹಾದುಹೋದ ತಂತಿ ಬಾಕಿ ಉಳಿಸಿದ ಸಾಲದಲ್ಲಿ ಒಂದಿಷ್ಟಾದರೂ ತೀರೀತು.